ಕಂಪನಿ ಕೈ ಬದಲಾಯಿತು, ಟ್ರೈಲರ್ ಯಾರ ಪಾಲಿಗೆ?

ಕಂಪನಿ ಮಾರಾಟ ಆಯ್ತು ಅಂದ ತಕ್ಷಣ ಮನೆಯವರು, ನೆಂಟರು ಎಲ್ಲ ಕೇಳುವುದು ಸಂಬಳದ ಬಗ್ಗೆ. ಪಿಎಫ್ ಏನಾಗುತ್ತೆ, ಬಾಟಾ ಕಮ್ಮಿ ಮಾಡ್ತಾರಾ, ಹಳಬರನ್ನ ತೆಗೀತಾರಾ. ನಾವು ಡ್ರೈವರ್‌ಗಳೂ ಮೊದಮೊದಲು ಇದನ್ನೇ ಮಾತಾಡಿದೆವು. ಆದರೆ ಹೊಸ ಕಂಪನಿಯ ಗಾಡಿಗಳು ನಮ್ಮ ದಾಬಸ್‌ಪೇಟೆ ಯಾರ್ಡಿಗೆ ಬಂದು ನಿಲ್ಲತೊಡಗಿದ ಮೇಲೆ ಟೀ ಅಂಗಡಿಯ ಮಾತು ಪೂರ್ತಿ ಟ್ರೈಲರ್ ಕಡೆ ತಿರುಗಿತು. ಇವತ್ತಿಗೂ ಅಲ್ಲೇ ಇದೆ. ಸಂಬಳದ ಲೆಕ್ಕ ಹೇಗೋ ಬಗೆಹರಿಯಿತು, ಟ್ರೈಲರ್ ಲೆಕ್ಕ ಬಗೆಹರಿದಿಲ್ಲ.

ಇದೇನು ನಮ್ಮೊಬ್ಬರ ಕಥೆಯಲ್ಲ. ಟ್ರಾನ್ಸ್‌ಪೋರ್ಟ್ ಲೈನಿನಲ್ಲಿ ಕೊಳ್ಳುವುದು ಮಾರುವುದು ನಡೆಯುತ್ತಲೇ ಇದೆ. 2021ರಲ್ಲಿ ಡೆಲ್ಲಿವರಿಯವರು ಸ್ಪಾಟಾನ್ ಕೊಂಡರು. 2022ರಲ್ಲಿ ಮಹೀಂದ್ರಾ ಲಾಜಿಸ್ಟಿಕ್ಸ್‌ನವರು ರಿವಿಗೊದ ಎಕ್ಸ್‌ಪ್ರೆಸ್ ವ್ಯವಹಾರವನ್ನು 225 ಕೋಟಿ ರೂಪಾಯಿಗೆ ತಗೊಂಡರು. ಅದೆಲ್ಲ ಪೇಪರ್‌ನಲ್ಲಿ ಬಂತು, ಷೇರು ಮಾರ್ಕೆಟ್‌ನವರು ಲೆಕ್ಕ ಹಾಕಿದರು. ನಮ್ಮದು ಅಷ್ಟು ದೊಡ್ಡ ವ್ಯವಹಾರವಲ್ಲ. ವೈಟ್‌ಫೀಲ್ಡ್ ಡಿಪೋದಿಂದ ಚೆನ್ನೈ ಬಂದರಿಗೆ, ಆಗಾಗ ಮುಂಬೈ ಕಡೆ ನವಾ ಶೇವಾಗೆ ಕಂಟೇನರ್ ಸಾಗಿಸುವ ಮಧ್ಯಮ ಗಾತ್ರದ ಕಂಪನಿ. ನಮ್ಮನ್ನು ಕೊಂಡವರು ನಮಗಿಂತ ದೊಡ್ಡವರು, ಬೇರೆ ರಾಜ್ಯದವರು. ಎರಡು ಕಂಪನಿಯ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ, ನಾನಿನ್ನೂ ಅಲ್ಲೇ ದುಡಿಯುತ್ತಿದ್ದೇನೆ ಅಲ್ವಾ.

ಈ ಲೈನಿನಲ್ಲಿ ಇಲ್ಲದವರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ರಸ್ತೆಯಲ್ಲಿ ನಿಮಗೆ ಒಂದೇ ಉದ್ದದ ಗಾಡಿ ಅಂತ ಕಾಣುತ್ತದಲ್ಲ, ಅದು ಎರಡು ಗಾಡಿ. ಮುಂದೆ ಇಂಜಿನ್ ಇರುವುದು ಹಾರ್ಸ್. ಹಿಂದೆ ಚಕ್ರ, ಚಾಸಿ ಮಾತ್ರ ಇರುವುದು ಟ್ರೈಲರ್. ಎರಡಕ್ಕೂ ಬೇರೆ ಬೇರೆ ಆರ್‌ಸಿ, ಬೇರೆ ಬೇರೆ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟು. ಹಾರ್ಸ್‌ಗೆ ಒಬ್ಬ ಡ್ರೈವರ್ ಅಂತ ಇರುತ್ತಾನೆ. ಅದರ ಸೀಟು, ಅದರ ಸದ್ದು, ಅದರ ಕ್ಲಚ್ಚಿನ ಹದ ಎಲ್ಲ ಅವನಿಗೆ ಗೊತ್ತು. ಸಣ್ಣದಾಗಿ ಏನೋ ಕಿರುಗುಟ್ಟಿದರೂ ಮೇಸ್ತ್ರಿ ಹತ್ತಿರ ಓಡುತ್ತಾನೆ. ಟ್ರೈಲರ್‌ಗೆ ಹಾಗೆ ಯಾರಿದ್ದಾರೆ?

ನಮ್ಮ ಹಳೇ ಕಂಪನಿಯಲ್ಲಿ ಇದ್ದರು. ಒಂದು ಹಾರ್ಸ್, ಅದಕ್ಕೆ ಒಂದು ಟ್ರೈಲರ್, ಅದಕ್ಕೆ ಒಬ್ಬ ಡ್ರೈವರ್. ಜೋಡಿ ಬಿಡಿಸುವುದು ಎರಡರಲ್ಲಿ ಒಂದು ಗ್ಯಾರೇಜಿಗೆ ಹೋದಾಗ ಮಾತ್ರ. ಹಬ್ಬಕ್ಕೆ ಟ್ರೈಲರ್‌ಗೂ ಕುಂಬಳಕಾಯಿ ಒಡೆಯುತ್ತಿದ್ದೆವು. ಹೊಸ ಕಂಪನಿಯ ಪದ್ಧತಿ ಬೇರೆ. ಅವರಲ್ಲಿ ಟ್ರೈಲರ್‌ಗಳೆಲ್ಲ ಒಂದು ಗುಂಪು, ಹಾರ್ಸ್‌ಗಳೆಲ್ಲ ಇನ್ನೊಂದು ಗುಂಪು. ಯಾರು ಬಂದರೋ ಅವರಿಗೆ ಯಾವುದು ಲೋಡ್ ಆಗಿದೆಯೋ ಅದು. ತಂದ ಟ್ರೈಲರ್ ಬಿಟ್ಟು, ರೆಡಿ ಇರುವುದನ್ನು ಸಿಕ್ಕಿಸಿಕೊಂಡು ಹೊರಡಬೇಕು.

ಇದು ಕೆಟ್ಟ ಪದ್ಧತಿ ಅಂತ ನಾನು ಹೇಳುವುದಿಲ್ಲ. ಫ್ಯಾಕ್ಟರಿ ಗೇಟಿನಲ್ಲಿ ಲೋಡಿಂಗ್‌ಗೆ ಕಾದು ಕಾದು ಸುಸ್ತಾದವರಿಗೆ ಇದರ ಬೆಲೆ ಗೊತ್ತು. ಹಾರ್ಸ್ ಓಡುತ್ತಿದ್ದರೆ ನಮಗೂ ಟ್ರಿಪ್ ಜಾಸ್ತಿ, ಕಂಪನಿಗೂ ಲಾಭ. ರಿವಿಗೊದವರು ಹಿಂದೆ ರಿಲೇ ಪದ್ಧತಿ ಅಂತ ಮಾಡಿದ್ದರು, ಕೆಲವು ಗಂಟೆ ಓಡಿಸಿ ಇನ್ನೊಬ್ಬ ಡ್ರೈವರ್‌ಗೆ ಗಾಡಿ ಕೊಟ್ಟು ಅದೇ ದಿನ ಮನೆಗೆ ವಾಪಸ್ ಬರುವ ಹಾಗೆ. ಟ್ರೈಲರ್ ಬದಲಾಯಿಸುವ ಪದ್ಧತಿಯಲ್ಲೂ ಆ ಅನುಕೂಲ ಇದೆ. ಕೃಷ್ಣಗಿರಿಯಲ್ಲೋ ವೆಲ್ಲೂರಿನಲ್ಲೋ ಇಬ್ಬರು ಡ್ರೈವರ್‌ಗಳು ಭೇಟಿಯಾಗಿ ಟ್ರೈಲರ್ ಅದಲು ಬದಲು ಮಾಡಿಕೊಂಡರೆ ಇಬ್ಬರೂ ರಾತ್ರಿ ಅವರವರ ಮನೆಯಲ್ಲಿ ಮಲಗಬಹುದು. ಆದರೆ ಗುಂಪಿನ ಟ್ರೈಲರ್ ಅಂದರೆ ಊರ ನಡುವಿನ ನಲ್ಲಿ ಇದ್ದ ಹಾಗೆ. ಎಲ್ಲರೂ ನೀರು ಹಿಡಿಯುತ್ತಾರೆ, ವಾಶರ್ ಹಾಕಿಸುವವರು ಯಾರೂ ಇಲ್ಲ.

ಅದರ ಮೇಲೆ ನಮ್ಮದು ಒಂದೇ ಗುಂಪಲ್ಲ, ಎರಡು ಕಂಪನಿಯ ಗುಂಪು ಸೇರಿದ್ದು. ಗಲಾಟೆ ಶುರುವಾಗಿದ್ದು ಅಲ್ಲಿಂದ.

ಮೊದಲು ಕಿಂಗ್ ಪಿನ್. ಟ್ರೈಲರ್‌ನ ಮುಂಭಾಗದ ಕೆಳಗೆ ಚಾಚಿಕೊಂಡಿರುವ ಉಕ್ಕಿನ ಪಿನ್ನು. ಹಾರ್ಸ್ ಹಿಂಭಾಗದಲ್ಲಿ ಟ್ರೈಲರ್ ಕೂರುವ ದಪ್ಪ ತಟ್ಟೆಗೆ ಫಿಫ್ತ್ ವೀಲ್ ಅಂತಾರೆ, ಅದರ ದವಡೆ ಇದನ್ನು ಕಚ್ಚಿ ಹಿಡಿಯುತ್ತದೆ. ಇಡೀ ಲೋಡು ಹಿಂದೆ ಬರುವುದು ಈ ಒಂದು ಪಿನ್ನಿನ ಮೇಲೆ. ಇದರಲ್ಲಿ ಎರಡು ಸೈಜು ಬರುತ್ತದೆ, 2 ಇಂಚು ಮತ್ತು 3.5 ಇಂಚು. ಒಂದೇ ಕಂಪನಿಯಲ್ಲಿ ಇರುವ ತನಕ ಯಾರಿಗೂ ಇದರ ಯೋಚನೆ ಬರುವುದಿಲ್ಲ, ಎಲ್ಲ ಒಂದೇ ಸೈಜು. ನಮ್ಮ ಹಳೇ ಟ್ರೈಲರ್‌ಗಳಲ್ಲಿ ಬಹುಪಾಲು 2 ಇಂಚು. ಹೊಸಬರ ದೊಡ್ಡ ಹಾರ್ಸ್‌ಗಳಲ್ಲಿ 3.5 ಇಂಚಿನ ಫಿಫ್ತ್ ವೀಲ್.

ದಪ್ಪ ಪಿನ್ನು ಸಣ್ಣ ದವಡೆಗೆ ಹೋಗುವುದೇ ಇಲ್ಲ, ಅದರಿಂದ ಅಪಾಯವಿಲ್ಲ, ಸುಮ್ನೆ ಟೈಮ್ ವೇಸ್ಟು. ಸಣ್ಣ ಪಿನ್ನು ದೊಡ್ಡ ದವಡೆಗೆ ಹೋದಾಗ ನೋಡಿ ಮಜಾ. ಒಳಗೆ ಹೋಗುತ್ತದೆ, ಲಾಕೂ ಬಿದ್ದ ಹಾಗೆ ಆಗುತ್ತದೆ. ಆದರೆ 2 ಇಂಚಿನ ಪಿನ್ನಿನ ತುದಿಯಲ್ಲಿರುವ ತಲೆಯೇ ಆ ದೊಡ್ಡ ದವಡೆಯ ಸಂದಿಗಿಂತ ಚಿಕ್ಕದು. ಒಂದು ಒಳ್ಳೆ ಹಂಪ್ ಸಿಕ್ಕರೆ ಪಿನ್ನು ಮೇಲಕ್ಕೆ ಎದ್ದು ಬಂದುಬಿಡಬಹುದು. ನಮ್ಮ ಯಾರ್ಡಿನಲ್ಲಿ ಒಬ್ಬ ಹುಡುಗ ಹೀಗೆ ಸಿಕ್ಕಿಸಿಕೊಂಡು ಗೇಟಿನ ತನಕ ಹೋಗಿದ್ದ. ಹಿರಿಯೂರಿನ ನಮ್ಮ ಹಿರಿಯ ಡ್ರೈವರ್ ಅಣ್ಣ ಸದ್ದು ಕೇಳಿ ಕೂಗಿ ನಿಲ್ಲಿಸಿದರು. "ಏನೋ ಗುರು, ಟ್ರೈಲರ್ ಡ್ಯಾನ್ಸ್ ಮಾಡ್ತಿದೆ" ಅಂತ ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು ನೋಡಿದರೆ ಪಿನ್ನಿನ ಸುತ್ತ ಬೆರಳು ತೂರಿಸುವಷ್ಟು ಜಾಗ.

ಅವತ್ತಿನಿಂದ ಎಲ್ಲರಿಗೂ ಟಾರ್ಚ್ ಅಭ್ಯಾಸ ಆಯ್ತು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಹೊಸ ಹುಡುಗರು ಓದಲಿ. ಹಾರ್ಸ್ ರಿವರ್ಸ್ ತಗೊಂಡು ಟ್ರೈಲರ್ ಕೆಳಗೆ ನುಗ್ಗಿಸುವಾಗ ಟ್ರೈಲರ್‌ನ ಪ್ಲೇಟು ಫಿಫ್ತ್ ವೀಲ್‌ಗಿಂತ ಒಂದು ಚೂರು ಕೆಳಗೇ ಇರಬೇಕು. ಆಗ ಪ್ಲೇಟು ಫಿಫ್ತ್ ವೀಲ್ ಮೇಲೆ ಜಾರುತ್ತ ಟ್ರೈಲರ್ ಸ್ವಲ್ಪ ಮೇಲೆದ್ದು ಕೂರುತ್ತದೆ, ಪಿನ್ನು ನೇರವಾಗಿ ದವಡೆಯೊಳಗೆ ಹೋಗಿ ಖಟ್ ಅಂತ ಬೀಳುತ್ತದೆ. ಹಾರ್ಸ್ ಇಲ್ಲದಾಗ ಟ್ರೈಲರ್ ಮುಂಭಾಗ ನಿಲ್ಲುವುದು ಕಬ್ಬಿಣದ ಕಾಲಿನ ಮೇಲೆ; ಹಿಂದಿನ ಡ್ರೈವರ್ ಟ್ರೈಲರ್ ಬಿಡುವಾಗ ಆ ಕಾಲು ಜಾಸ್ತಿ ಇಳಿಸಿ ಹೋಗಿದ್ದರೆ ಟ್ರೈಲರ್ ಎತ್ತರದಲ್ಲಿರುತ್ತದೆ. ಪಿನ್ನು ದವಡೆಯೊಳಗೆ ಹೋಗದೆ ಅದರ ಮೇಲೆ ಕೂರುತ್ತದೆ, ಆಗಲೂ ಒಂದು ಖಟ್ ಸದ್ದು ಬರಬಹುದು. ಹಾಗಾಗಿ ಸದ್ದು ನಂಬಬಾರದು. ಇಳಿದು, ಬಗ್ಗಿ, ಪ್ಲೇಟಿಗೂ ಫಿಫ್ತ್ ವೀಲ್‌ಗೂ ಮಧ್ಯೆ ಬೆಳಕು ಕಾಣುತ್ತಾ ನೋಡಬೇಕು, ಕಾಣಬಾರದು. ದವಡೆ ಪಿನ್ನಿನ ಕತ್ತನ್ನು ಸುತ್ತಿ ಹಿಡಿದಿದೆಯಾ ನೋಡಬೇಕು. ಆಮೇಲೆ ಟ್ರೈಲರ್ ಬ್ರೇಕ್ ಹಿಡಿದಿಟ್ಟು, ಕಾಲು ಎತ್ತುವ ಮೊದಲೇ, ಹಾರ್ಸನ್ನು ಮುಂದಕ್ಕೆ ಒಂದು ಸಲ ಜಗ್ಗಿ ನೋಡಬೇಕು. ಬಿಟ್ಟುಕೊಂಡರೆ ಕಾಲಿನ ಮೇಲೆ ನಿಲ್ಲುತ್ತದೆ, ಮೂಗಿನ ಮೇಲೆ ಬೀಳುವುದಿಲ್ಲ.

ಸ್ಟೆಪ್ನಿ ಕಥೆ ಇನ್ನೊಂದು. ನಮ್ಮ ಟ್ರೈಲರ್‌ಗಳು 20 ಇಂಚಿನ ರಿಮ್ಮು, ಟ್ಯೂಬ್ ಇರುವ ಟೈರು. ಅವರವು 22.5 ಇಂಚು, ಟ್ಯೂಬ್‌ಲೆಸ್. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಜೋಡಿ ಚಕ್ರದಲ್ಲಿ ಒಂದು ಇದು ಒಂದು ಅದು ಹಾಕುವ ಹಾಗಿಲ್ಲ. ಹಾರ್ಸ್‌ನಲ್ಲಿರುವ ಸ್ಟೆಪ್ನಿಯನ್ನೇ ಟ್ರೈಲರ್‌ಗೂ ಹಾಕಿ ಕೆಲಸ ನಡೆಸುತ್ತಿದ್ದ ಕಾಲ ಹೋಯಿತು. ರಾತ್ರಿ ಎರಡು ಗಂಟೆಗೆ ಆಂಬೂರಿನ ಹತ್ತಿರ ಟ್ರೈಲರ್ ಟೈರ್ ಹೋದರೆ, ಜೊತೆಯಲ್ಲಿರುವ ಸ್ಟೆಪ್ನಿ ಸುಮ್ನೆ ನೋಡುವುದಕ್ಕೆ.

ಲೈಟಿನ ಪ್ಲಗ್ಗು ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಪಿನ್ನು ಬಗ್ಗಿರುತ್ತದೆ, ನೀರು ಹೋಗಿರುತ್ತದೆ, ಬಲ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟ್ ಉರಿಯುತ್ತದೆ. ಎಲ್ಲ ಡ್ರೈವರ್‌ಗಳಿಗೂ ಗೊತ್ತಿರುವ ಕಥೆ. ಎಬಿಎಸ್ ವೈರು ಮಾತ್ರ ಬೇರೆ ಪ್ಲಗ್ಗು, ಅದನ್ನು ಸಿಕ್ಕಿಸಲು ಎಷ್ಟೋ ಟ್ರೈಲರ್‌ನಲ್ಲಿ ಜಾಗವೇ ಮುರಿದು ಹೋಗಿದೆ. ಹಾರ್ಸ್‌ನಲ್ಲಿ ಎಬಿಎಸ್ ಇದ್ದು ಹಿಂದೆ ಟ್ರೈಲರ್‌ನಲ್ಲಿ ಸತ್ತಿದ್ದರೆ, ಖಾಲಿ ಟ್ರೈಲರ್ ಮಳೆಯಲ್ಲಿ ಬ್ರೇಕ್ ಹಾಕಿದಾಗ ಏನು ಮಾಡುತ್ತದೆ ಅಂತ ಓಡಿಸಿದವರನ್ನು ಕೇಳಿ.

ಈಗ ನಿಜವಾದ ವಿಷಯ, ಬ್ರೇಕು. ಟೀ ಅಂಗಡಿಯಲ್ಲಿ ದನಿ ಏರುವುದು ಇದಕ್ಕೇ.

ಮೂರು ಆಕ್ಸಲ್ ಟ್ರೈಲರ್ ಅಂದರೆ ಆರು ಕಡೆ ಬ್ರೇಕು. ಪ್ರತಿ ಕಡೆಗೂ ಗಾಳಿಯ ಬಲದಿಂದ ಕಡ್ಡಿ ತಳ್ಳುವ ಒಂದು ಬೂಸ್ಟರ್, ಆ ಕಡ್ಡಿಗೂ ಬ್ರೇಕಿಗೂ ನಡುವೆ ಸಡಿಲ ಸರಿಪಡಿಸುವ ಒಂದು ಸ್ಲ್ಯಾಕ್ ಅಡ್ಜಸ್ಟರ್, ಲೈನರ್, ಡ್ರಮ್ಮು. ಲೈನರ್ ಸವೆದ ಹಾಗೆ ಬೂಸ್ಟರ್ ಕಡ್ಡಿ ಜಾಸ್ತಿ ದೂರ ಹೊರಗೆ ಬರಬೇಕಾಗುತ್ತದೆ. ಒಂದು ಮಿತಿ ದಾಟಿದರೆ ಗಾಳಿ ಎಷ್ಟು ಕೊಟ್ಟರೂ ಲೈನರ್ ಡ್ರಮ್ಮನ್ನು ಸರಿಯಾಗಿ ಒತ್ತುವುದಿಲ್ಲ. ಹಳೇ ಮಾದರಿಯಲ್ಲಿ ಇದನ್ನು ಕೈಯಲ್ಲಿ ಅಡ್ಜಸ್ಟ್ ಮಾಡಬೇಕು. ಸ್ಪ್ಯಾನರ್ ಹಾಕಿ ಲೈನರ್ ಡ್ರಮ್ಮಿಗೆ ತಾಗುವ ತನಕ ಟೈಟ್ ಮಾಡಿ ಸ್ವಲ್ಪ ಹಿಂದಕ್ಕೆ ಬಿಡುವುದು. ನಮ್ಮ ಟ್ರೈಲರ್‌ಗಳು ಇಂಥವು. ಜೋಡಿ ಪದ್ಧತಿ ಇದ್ದಾಗ ಡ್ರೈವರೇ ಮಾಡಿಕೊಳ್ಳುತ್ತಿದ್ದ, ಯಾಕಂದರೆ ನಾಳೆ ಘಾಟಿ ಇಳಿಸುವವನು ಅವನೇ. ಹೊಸಬರ ಟ್ರೈಲರ್‌ಗಳಲ್ಲಿ ಆಟೋಮ್ಯಾಟಿಕ್ ಅಡ್ಜಸ್ಟರ್. ಅದು ತಾನಾಗಿಯೇ ಹದ ಮಾಡಿಕೊಳ್ಳುತ್ತದೆ. ಅದಕ್ಕೆ ಸ್ಪ್ಯಾನರ್ ಹಾಕುತ್ತ ಕೂರಬಾರದು. ಪದೇ ಪದೇ ಸಡಿಲ ಆಗುತ್ತಿದ್ದರೆ ಒಳಗೆ ಬೇರೇನೋ ಹಾಳಾಗಿದೆ ಅಂತ ಅರ್ಥ, ಕೈಯಲ್ಲಿ ಟೈಟ್ ಮಾಡಿದರೆ ಆ ತೊಂದರೆ ಮುಚ್ಚಿಹೋಗುತ್ತದೆ.

ಎರಡೂ ಬೆರೆತಾಗ ಏನಾಯಿತು ಗೊತ್ತಾ? ಅವರ ಹುಡುಗರು ನಮ್ಮ ಟ್ರೈಲರ್ ತಗೊಂಡು "ಆಟೋಮ್ಯಾಟಿಕ್ ಇರುತ್ತೆ ಬಿಡಣ್ಣ" ಅಂತ ಹೋದರು. ನಮ್ಮವರು ಅವರ ಟ್ರೈಲರ್‌ಗೆ ಅಭ್ಯಾಸಬಲದಿಂದ ಸ್ಪ್ಯಾನರ್ ಹಾಕಿದರು. ಎರಡು ಕಡೆಯವರದ್ದೂ ಅವರವರ ಯಾರ್ಡಿನಲ್ಲಿ ಸರಿಯಾದ ಅಭ್ಯಾಸವೇ. ಟ್ರೈಲರ್ ಮೇಲೆ ಒಂದು ಸಣ್ಣ ಬೋರ್ಡು ಬರೆಸಿದ್ದರೆ ಮುಗಿದಿತ್ತು.

ಕೆಲವು ಟ್ರೈಲರ್‌ಗಳಲ್ಲಿ ಇನ್ನೊಂದು ಕಂಡೆವು. ಗಾಳಿ ಇಲ್ಲದಾಗ ಹಿಡಿದುಕೊಳ್ಳುವ ಸ್ಪ್ರಿಂಗ್ ಬ್ರೇಕ್ ಇರುತ್ತದಲ್ಲ, ಅದರ ಬೂಸ್ಟರ್ ಹಿಂದಿನ ಬೋಲ್ಟು ಎಳೆದು ಟೈಟ್ ಮಾಡಿ ಸ್ಪ್ರಿಂಗನ್ನು ಕಟ್ಟಿ ಹಾಕಿದ್ದರು. ಯಾರ್ಡಿನಲ್ಲಿ ಗಾಳಿ ತುಂಬುವ ತನಕ ಕಾಯದೆ ಟ್ರೈಲರ್ ಸರಿಸಲು ಯಾರೋ ಮಾಡಿರುವುದು, ಆಮೇಲೆ ಬಿಡಿಸಿಲ್ಲ. ಹಾಗೆ ಕಟ್ಟಿದ ಚಕ್ರಕ್ಕೆ ಪಾರ್ಕಿಂಗ್ ಬ್ರೇಕ್ ಇಲ್ಲವೇ ಇಲ್ಲ. ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ, ಕೆಳಗೆ ಮಲಗಿಯೇ ನೋಡಬೇಕು.

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೇವೆ ಅಂದರೆ, ಟ್ರೈಲರ್ ಬ್ರೇಕ್ ಹಿಡಿಯದಿದ್ದರೆ ಗಾಡಿ ನಿಲ್ಲುವುದಿಲ್ಲ ಅಂತಲ್ಲ, ಸಮತಟ್ಟು ರಸ್ತೆಯಲ್ಲಿ ನಿಲ್ಲುತ್ತದೆ. ಭಾರ ಪೂರ್ತಿ ಹಾರ್ಸ್ ಬ್ರೇಕಿನ ಮೇಲೆ ಬೀಳುತ್ತದೆ ಅಷ್ಟೇ. ಡ್ರೈವರ್‌ಗೆ ಗೊತ್ತೇ ಆಗುವುದಿಲ್ಲ. ಇಳಿಜಾರು ಬಂದಾಗ ಹಿಂದಿನ ಟ್ರೈಲರ್ ಹಾರ್ಸನ್ನು ತಳ್ಳಲು ಶುರು ಮಾಡುತ್ತದೆ, ಹಾರ್ಸ್ ಡ್ರಮ್ಮು ಕಾಯುತ್ತದೆ, ಕಾದ ಮೇಲೆ ಲೈನರ್ ಹಿಡಿಯುವುದಿಲ್ಲ. ಮುಂಬೈ ಕಡೆ ಹೋಗುವವರಿಗೆ ಪುಣೆಯ ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆ ತನಕ ಇಳಿಯುವ ರಸ್ತೆ ಗೊತ್ತಿರುತ್ತದೆ. 2022ರ ನವೆಂಬರ್‌ನಲ್ಲಿ ಅಲ್ಲಿ ಒಂದೇ ಗಾಡಿ ಸುಮಾರು 48 ವಾಹನಗಳಿಗೆ ಗುದ್ದಿತ್ತು. ಸೇಲಂ ಕಡೆ ಹೋಗುವವರಿಗೆ ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿ. ಇಂಥ ಕಡೆ ನ್ಯೂಟ್ರಲ್‌ನಲ್ಲಿ ಇಳಿಸುವವರು ಇದ್ದಾರೆ, ಡೀಸೆಲ್ ಉಳಿಸಲು. ಅವರಿಗೆ ಬುದ್ಧಿ ಹೇಳುವುದು ಬೇರೆ ಮಾತು. ಆದರೆ ಗೇರಿನಲ್ಲೇ ಇಳಿಸುವ ನಿಯತ್ತಿನ ಡ್ರೈವರ್‌ಗೂ ಹಿಂದೆ ಯಾರದೋ ಟ್ರೈಲರ್ ಕಟ್ಟಿ ಕಳಿಸಿದರೆ ಅವನೇನು ಮಾಡಬೇಕು?

ನಾನೀಗ ಮೊದಲ ಟೀ ಸ್ಟಾಪಿನಲ್ಲಿ ಇಳಿದು ಆರೂ ಹಬ್ ಹತ್ತಿರ ಕೈ ಒಡ್ಡಿ ನೋಡುತ್ತೇನೆ. ಮುಟ್ಟುವುದು ಬೇಡ, ಹತ್ತಿರ ಹಿಡಿದರೆ ಸಾಕು. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಇಲ್ಲ ಬೇರಿಂಗ್ ಹೋಗುತ್ತಿದೆ. ಒಂದು ಮಾತ್ರ ತಣ್ಣಗಿದ್ದರೆ ಆ ಬ್ರೇಕ್ ಕೆಲಸವೇ ಮಾಡುತ್ತಿಲ್ಲ. ಎರಡನೆಯದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ತಣ್ಣಗಿದೆ, ಒಳ್ಳೇದೇ ಅಂದುಕೊಳ್ಳುತ್ತಾರೆ.

ತೂಕದ ವಿಷಯಕ್ಕೆ ಬರೋಣ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಲೋಡ್ ಏರಿಸಿತು. ಮೂರು ಆಕ್ಸಲ್ ಕಟ್ಟಿಗೆ 24 ಟನ್ ಇದ್ದದ್ದು 27 ಆಯಿತು. ಎರಡು ಆಕ್ಸಲ್ ಹಾರ್ಸ್‌ಗೆ ಮೂರು ಆಕ್ಸಲ್ ಟ್ರೈಲರ್ ಕಟ್ಟಿದರೆ ಒಟ್ಟು 45.5 ಟನ್, ಮೂರು ಆಕ್ಸಲ್ ಹಾರ್ಸ್ ಆದರೆ 55 ಟನ್. ಹೊಸ ಕಂಪನಿಯ ಟ್ರೈಲರ್‌ಗಳು ಇದರ ನಂತರ ಬಂದವು. ನಮ್ಮಲ್ಲಿ ಅರ್ಧಕ್ಕರ್ಧ ಅದಕ್ಕೂ ಹಿಂದಿನವು, ಬ್ಲೇಡು (ಭಾರ ಹೊರುವ ಸ್ಪ್ರಿಂಗ್ ಪಟ್ಟಿ), ಚಾಸಿ ಎಲ್ಲ ಹಳೇ ಲೆಕ್ಕದಲ್ಲಿ ಮಾಡಿದ್ದು. ಆಫೀಸಿನ ಕಂಪ್ಯೂಟರ್‌ನಲ್ಲಿ ಮಾತ್ರ ಎಲ್ಲಕ್ಕೂ "40 ಅಡಿ ಟ್ರೈಲರ್" ಅಂತ ಒಂದೇ ಹೆಸರು. ಲೋಡ್ ಹಾಕುವವರು ಹೊಸ ಲೆಕ್ಕದಲ್ಲಿ ಹಾಕುತ್ತಾರೆ. ಸಿರಾದ ಭಾಯ್ ಒಬ್ಬರು ಇದಕ್ಕೆ ಸರಿಯಾದ ಉಪಾಯ ಮಾಡಿದರು. ಟ್ರೈಲರ್ ಆರ್‌ಸಿ ಫೋಟೋ ಫೋನಿನಲ್ಲಿ ಇಟ್ಟುಕೊಂಡು, ಲೋಡಿಂಗ್ ಸೂಪರ್‌ವೈಸರ್‌ಗೆ ತೋರಿಸಿ "ಸಾರ್, ಇದರಲ್ಲಿ ಬರೆದಿರೋದಕ್ಕಿಂತ ಜಾಸ್ತಿ ಹಾಕೋದಾದ್ರೆ ನೀವೊಂದು ಸೈನ್ ಮಾಡಿ ಕೊಡಿ" ಅನ್ನುತ್ತಾರೆ. ಸೈನ್ ಯಾರು ಮಾಡುತ್ತಾರೆ? ಲೋಡು ಇಳಿಯುತ್ತದೆ.

ಇಪ್ಪತ್ತಡಿ ಕಂಟೇನರ್ ಒಂದನ್ನೇ 40 ಅಡಿ ಟ್ರೈಲರ್ ಮೇಲೆ ಇಡುವಾಗಲೂ ಇದೇ ರೀತಿ ಜಗಳ. ತೀರಾ ಮುಂದೆ ಇಟ್ಟರೆ ಹಾರ್ಸ್ ಆಕ್ಸಲ್ ಮೇಲೆ ಓವರ್‌ಲೋಡು, ತೀರಾ ಹಿಂದೆ ಇಟ್ಟರೆ ಕಿಂಗ್ ಪಿನ್ ಮೇಲೆ ಭಾರವೇ ಇಲ್ಲದೆ ಹಾರ್ಸ್ ಹಿಡಿತ ಕಳೆದುಕೊಳ್ಳುತ್ತದೆ. ನಡುವೆ ಇಡೋಣ ಅಂದರೆ ಕೆಲವು ಟ್ರೈಲರ್‌ಗಳಲ್ಲಿ ಕಂಟೇನರ್ ಮೂಲೆಯನ್ನು ಹಿಡಿದಿಡುವ ಟ್ವಿಸ್ಟ್ ಲಾಕೇ ನಡುವೆ ಇಲ್ಲ. ಇದ್ದರೂ ತುಕ್ಕು ಹಿಡಿದು ತಿರುಗುವುದಿಲ್ಲ. ನಾಲ್ಕು ಮೂಲೆಯ ಲಾಕ್ ಬೀಳದೆ ಹೊರಡುವುದಿಲ್ಲ ಅಂತ ನಮ್ಮಲ್ಲಿ ಈಗ ಎಲ್ಲರೂ ಒಂದು ಮಾತಿಗೆ ಬಂದಿದ್ದೇವೆ. ಎರಡು ಕಂಪನಿಯ ಡ್ರೈವರ್‌ಗಳು ಮೊದಲು ಒಪ್ಪಿದ ವಿಷಯ ಇದೇ ಇರಬೇಕು.

ಹಾಗಂತ ಡ್ರೈವರ್‌ಗಳಲ್ಲಿ ಒಗ್ಗಟ್ಟಿದೆ ಅಂದುಕೊಳ್ಳಬೇಡಿ. ಹಿರಿಯೂರಿನ ಅಣ್ಣನ ವಾದ ಒಂದೇ, ನನ್ನ ಟ್ರೈಲರ್ ನನಗೆ ಕೊಡಿ, ಬೇರೇನೂ ಬೇಡ. ಹೊಸ ಕಂಪನಿಯ ಕಡೆಯಿಂದ ಬಂದ ಕೃಷ್ಣಗಿರಿಯ ಹುಡುಗ ಒಂದು ದಿನ ಎದುರಿಗೇ ಹೇಳಿದ: "ಅಣ್ಣಾ, ನಿಮ್ಮ ಪದ್ಧತೀಲಿ ನಾನು ತಿಂಗಳಿಗೆ ಎಷ್ಟು ರಾತ್ರಿ ಮನೇಲಿ ಇರ್ತಿದ್ದೆ ಹೇಳಿ? ಮಗು ಮುಖ ನೋಡೋಕೆ ಆಗ್ತಿರಲಿಲ್ಲ." ಅಣ್ಣ ಸುಮ್ಮನಾದರು. ಆಮೇಲೆ ಗ್ಲಾಸು ಕೆಳಗಿಟ್ಟು, "ಮನೆಗೆ ಹೋಗ್ಬೇಕು ಅಂದ್ರೂ ಬ್ರೇಕ್ ಇರಬೇಕಲ್ಲೋ ತಮ್ಮಾ" ಅಂದರು. ಇಬ್ಬರ ಮಾತೂ ಸರಿ. ನಾನು ಹುಡುಗನ ಕಡೆ ಸ್ವಲ್ಪ ಜಾಸ್ತಿ ವಾಲುತ್ತೇನೆ. ಜೋಡಿ ಪದ್ಧತಿಯಲ್ಲಿ ಟ್ರೈಲರ್ ಚೆನ್ನಾಗಿತ್ತು ನಿಜ, ಅದನ್ನು ಚೆನ್ನಾಗಿಟ್ಟದ್ದು ನಾವು ಪುಕ್ಕಟೆಯಾಗಿ, ನಮ್ಮ ನಿದ್ದೆಯ ಟೈಮಿನಲ್ಲಿ. ಕಂಪನಿ ಅದಕ್ಕೆ ಒಂದು ಪೈಸೆ ಕೊಟ್ಟಿರಲಿಲ್ಲ. ಹೊಸ ಪದ್ಧತಿ ಬಂದು ಆ ಪುಕ್ಕಟೆ ಕೆಲಸ ನಿಂತಿತು, ಅದರ ಜಾಗಕ್ಕೆ ಸಂಬಳ ಕೊಟ್ಟು ಯಾರನ್ನೂ ಇಟ್ಟಿಲ್ಲ. ಇರುವ ತೊಂದರೆ ಇಷ್ಟೇ.

ಕಾನೂನು ಇದರ ಬಗ್ಗೆ ಏನು ಹೇಳುತ್ತದೆ ಅಂತ ನಮ್ಮ ಯೂನಿಯನ್ ಕಡೆಯವರೊಬ್ಬರು ತೆಗೆದು ತೋರಿಸಿದರು. 1961ರ ಮೋಟಾರ್ ಟ್ರಾನ್ಸ್‌ಪೋರ್ಟ್ ವರ್ಕರ್ಸ್ ಆಕ್ಟ್‌ನಲ್ಲಿ ಡ್ರೈವರ್‌ಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಇತ್ತು; 2025ರ ನವೆಂಬರ್‌ನಲ್ಲಿ ಆ ಆಕ್ಟ್ ಹೋಗಿ ಅದರ ಜಾಗಕ್ಕೆ ಹೊಸ ಲೇಬರ್ ಕೋಡ್ ಬಂತು. ಆ ಗಂಟೆ ಲೆಕ್ಕ ಎಲ್ಲರೂ ಕೇಳಿರುವುದು, ಕೇಳಿ ನಕ್ಕಿರುವುದು. ಕೇಳದೇ ಇದ್ದದ್ದು ಏನಂದರೆ, ಗಾಡಿಯನ್ನು ವಶಕ್ಕೆ ತಗೊಳ್ಳುವ ಕೆಲಸ, ಗಾಡಿಯ ನಿಗಾ, ರಿಪೇರಿಗೆ ಸಂಬಂಧಿಸಿದ ಕೆಲಸ, ಲೋಡಿಂಗ್ ಇಳಿಸುವಿಕೆ, ಇವೂ ಆ ಆಕ್ಟ್‌ನಲ್ಲಿ ಕೆಲಸದ ಗಂಟೆಯಲ್ಲೇ ಸೇರುತ್ತಿದ್ದವು. ಸ್ಟೀರಿಂಗ್ ಹಿಡಿದಷ್ಟು ಹೊತ್ತು ಮಾತ್ರ ಡ್ಯೂಟಿ ಅಲ್ಲ. ಟ್ರೈಲರ್ ಕೆಳಗೆ ಮಲಗಿ ಟಾರ್ಚ್ ಬಿಡುವುದೂ ಡ್ಯೂಟಿಯೇ. ಹೊಸ ಕಂಪನಿಯ ಆ್ಯಪ್‌ನಲ್ಲಿ ಮಾತ್ರ ಗಾಡಿ ಗೇಟು ದಾಟಿದ ಮೇಲೆಯೇ ಟೈಮ್ ಓಡುವುದು.

ಕಾಗದಪತ್ರದ ಗೋಳು ಬೇರೆ. ಹಾರ್ಸ್‌ಗಳ ಆರ್‌ಸಿ ಎಲ್ಲ ಬೇಗ ಹೆಸರು ಬದಲಾಯಿತು. ಟ್ರೈಲರ್ ಫೈಲು ಹಿಂದೆ ಬಿತ್ತು. ಸಾಲ ಇದ್ದವಕ್ಕೆ ಬ್ಯಾಂಕಿನಿಂದ ಕಾಗದ ಬರಬೇಕು, ಮಾಲೀಕರ ಹೆಸರು ಬದಲಾಯಿಸುವ ಫಾರ್ಮ್ 29, 30 ಕೊಡಬೇಕು. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು, ಎಷ್ಟೋ ಟ್ರೈಲರ್‌ಗಳದ್ದು ಈ ಗಡಿಬಿಡಿಯಲ್ಲಿ ಮುಗಿದೇ ಹೋಗಿತ್ತು. ರಸ್ತೆಯಲ್ಲಿ ನಿಲ್ಲಿಸಿದವರು ನಮ್ಮನ್ನು ಕೇಳುತ್ತಾರೆ, ಹಾರ್ಸ್ ಒಂದು ಕಂಪನಿ, ಟ್ರೈಲರ್ ಇನ್ನೊಂದು ಕಂಪನಿ, ಇದೇನ್ರೀ ಅಂತ. ಕಂಪನಿ ಮಾರಿದ ಕಥೆಯನ್ನು ಹೈವೇ ಪಕ್ಕ ನಿಂತು ಬಿಸಿಲಿನಲ್ಲಿ ಹೇಳುವುದು ನಮ್ಮ ಕರ್ಮ.

ಮಜಾ ಏನಂದರೆ ಈ ಕೊಳ್ಳುವ ಮಾರುವ ಆಟ ಟ್ರೈಲರ್ ಕೆಳಗೂ ನಡೆದಿದೆ. ನಮ್ಮ ಎಷ್ಟೋ ಟ್ರೈಲರ್‌ಗಳ ಆಕ್ಸಲ್ ಯಾರ್ಕ್ ಕಂಪನಿಯದು. ಟಾಟಾದವರ ಕೈಯಲ್ಲಿದ್ದ ಅದನ್ನು 2018ರಲ್ಲಿ ಸಾಫ್-ಹಾಲೆಂಡ್ ಕೊಂಡಿತು. ಬ್ರೇಕ್ ವಾಲ್ವ್ ಮೇಲೆ ವ್ಯಾಬ್ಕೊ ಅಂತ ಇರುತ್ತದೆ, ಅದನ್ನು 2020ರಲ್ಲಿ ಜೆಡ್‌ಎಫ್ ಕೊಂಡಿತು. ಮೇಸ್ತ್ರಿ ಇನ್ನೂ ಹಳೇ ಹೆಸರೇ ಹೇಳಿ ಸ್ಪೇರ್ ತರಿಸುತ್ತಾರೆ, ಅಂಗಡಿಯವನೂ ಅದೇ ಹೆಸರಲ್ಲಿ ಕೊಡುತ್ತಾನೆ. ಹೆಸರು ಬದಲಾದರೂ ಪಾರ್ಟ್ ಸಿಕ್ಕರೆ ಯಾರಿಗೂ ತಕರಾರಿಲ್ಲ.

ನಮ್ಮಲ್ಲಿ ತಕರಾರು ಎದ್ದದ್ದು ದುಡ್ಡು ಕಡಿದಾಗ. ಒಬ್ಬ ಡ್ರೈವರ್ ಸಂಜೆ ಸಿಕ್ಕಿಸಿಕೊಂಡ ಟ್ರೈಲರ್‌ನ ಟೈರು ಅದೇ ರಾತ್ರಿ ಒಡೆಯಿತು. ತಿಂಗಳ ಕೊನೆಗೆ ಅವನ ಲೆಕ್ಕದಲ್ಲಿ ಕಡಿತ. ಆ ಟೈರು ಎಷ್ಟು ಓಡಿತ್ತು, ಎಷ್ಟು ಸಲ ರೀಟ್ರೆಡ್ ಆಗಿತ್ತು, ಹಿಂದಿನ ವಾರ ಗಾಳಿ ಕಮ್ಮಿ ಇಟ್ಟುಕೊಂಡು ಯಾರು ಓಡಿಸಿದ್ದರು, ಒಂದಕ್ಕೂ ಲೆಕ್ಕವಿಲ್ಲ. ಹಾರ್ಸ್‌ಗೆ ಜಿಪಿಎಸ್ ಇದೆ, ಡೀಸೆಲ್ ಸೆನ್ಸರ್ ಇದೆ, ಕ್ಯಾಬಿನ್‌ನಲ್ಲಿ ಕ್ಯಾಮೆರಾ ಇದೆ. ಟ್ರೈಲರ್‌ಗೆ ಒಂದು ನೋಟ್‌ಬುಕ್ಕೂ ಇಲ್ಲ. ಹೊಸ ಗಾಡಿಗಳ ಎಸಿ ಕ್ಯಾಬಿನ್ ಮುಂದೆ ನಮ್ಮನ್ನು ನಿಲ್ಲಿಸಿ ಫೋಟೋ ತೆಗೆದುಕೊಂಡರು ಅನ್ನುವುದು ಬೇರೆ. 2025ರ ಅಕ್ಟೋಬರ್‌ನಿಂದ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಹೇಗಿದ್ದರೂ ಕಡ್ಡಾಯ.

ಆ ಕಡಿತದ ನಂತರ ಎರಡೂ ಕಡೆಯ ಡ್ರೈವರ್‌ಗಳು ಸೇರಿ ಆಫೀಸಿಗೆ ಹೋದೆವು. ಕೇಳಿದ್ದು ದೊಡ್ಡದೇನಲ್ಲ. ಪಿನ್ ಸೈಜು, ರಿಮ್ ಸೈಜು, ಅಡ್ಜಸ್ಟರ್ ಯಾವುದು, ಆರ್‌ಸಿ ತೂಕ ಎಷ್ಟು, ಇದನ್ನು ಟ್ರೈಲರ್ ಮುಂಭಾಗದಲ್ಲಿ ಪೇಂಟಿನಲ್ಲಿ ಬರೆಸಿ. ಪ್ರತಿ ಟ್ರೈಲರ್‌ಗೂ ಒಂದು ಶೀಟು ಇರಲಿ, ಬಿಡುವವನು ತೊಂದರೆ ಬರೆದು ಬಿಡಲಿ, ತಗೊಳ್ಳುವವನು ನೋಡಿ ತಗೊಳ್ಳಲಿ. ಕೆಟ್ಟ ಟ್ರೈಲರ್‌ಗೆ ಕೆಂಪು ಚೀಟಿ ಹಾಕಿದರೆ ಮೇಸ್ತ್ರಿ ತೆಗೆಯುವ ತನಕ ಯಾರೂ ಮುಟ್ಟಬಾರದು, ಎಷ್ಟೇ ಅರ್ಜೆಂಟ್ ಲೋಡಿರಲಿ. ಟ್ರೈಲರ್ ಬದಲಾಯಿಸುವ ಪ್ರತಿ ಸಲ ಚೆಕ್ ಮಾಡುವ ಅರ್ಧ ಗಂಟೆಯನ್ನು ಡ್ಯೂಟಿ ಅಂತ ಬರೆದುಕೊಳ್ಳಿ.

ಪೇಂಟಿಗೆ ಅಲ್ಲೇ ಒಪ್ಪಿದರು. ಶೀಟು ಬಂತು, ಇಂಗ್ಲಿಷಿನಲ್ಲಿ ಬಂತು, ವಾಪಸ್ ಕೊಟ್ಟೆವು, ಈಗ ಕನ್ನಡ ತಮಿಳು ಹಿಂದಿ ಮೂರರಲ್ಲೂ ಇದೆ. ಕೆಂಪು ಚೀಟಿಗೂ ಒಪ್ಪಿದ್ದಾರೆ, ಆದರೆ ಒಂದು ಸಲ ಆಗಲೇ ರಾತ್ರಿ ಪಾಳಿಯ ಸೂಪರ್‌ವೈಸರ್ ಚೀಟಿ ಕಿತ್ತು ಗಾಡಿ ಕಳಿಸಲು ನೋಡಿದರು. ಸಿಕ್ಕಿಸಬೇಕಿದ್ದ ಡ್ರೈವರ್ ಕೃಷ್ಣಗಿರಿಯ ಅದೇ ಹುಡುಗ. ಆಗಲ್ಲ ಸಾರ್ ಅಂದ, ಹಾರ್ಸ್ ಆಫ್ ಮಾಡಿ ಕೂತ. ಲೋಡು ಮರುದಿನ ಬೇರೆ ಟ್ರೈಲರ್‌ನಲ್ಲಿ ಹೋಯಿತು.

ಅರ್ಧ ಗಂಟೆಯ ಡ್ಯೂಟಿಗೆ ಮಾತ್ರ ಇನ್ನೂ ಒಪ್ಪಿಲ್ಲ. ಹತ್ತು ನಿಮಿಷ ಕೊಡುತ್ತೇವೆ ಅನ್ನುತ್ತಿದ್ದಾರೆ. ಹತ್ತು ನಿಮಿಷದಲ್ಲಿ ಆರು ಬೂಸ್ಟರ್, ಅಷ್ಟೂ ಟೈರು, ಪಿನ್ನು, ಲಾಕು, ಲೈಟು ನೋಡಿ ತೋರಿಸಿ ಅಂತ ಹಿರಿಯೂರಿನ ಅಣ್ಣ ಮ್ಯಾನೇಜರ್ ಕೈಗೆ ಟಾರ್ಚ್ ಕೊಟ್ಟರು. ಅವರು ನಕ್ಕು ಟಾರ್ಚ್ ವಾಪಸ್ ಕೊಟ್ಟು, ಮುಂದಿನ ತಿಂಗಳ ಮೀಟಿಂಗ್‌ನಲ್ಲಿ ಮಾತಾಡೋಣ ಅಂದಿದ್ದಾರೆ. ನಿಮ್ಮ ಕಂಪನಿಯಲ್ಲಿ ಚೆಕ್ಕಿಂಗ್ ಟೈಮನ್ನು ಡ್ಯೂಟಿಗೆ ಸೇರಿಸುತ್ತಾರಾದರೆ, ಎಷ್ಟು ಹೊತ್ತು, ಯಾವ ರೀತಿ ಬರೆದುಕೊಳ್ಳುತ್ತಾರೆ ಅಂತ ಅಷ್ಟರೊಳಗೆ ತಿಳಿಸಿ. ಮೀಟಿಂಗ್‌ಗೆ ತಗೊಂಡು ಹೋಗುತ್ತೇವೆ.